ನೆರೆಹೊರೆಯ ಋಣ

ಸಂಸಾರವೆಂದ ಮೇಲೆ ಕಷ್ಟವು ತಪ್ಪಿದುದಲ್ಲ. ಅದು ತಿಥಿವಾರಗಳನ್ನು ನೋಡಿ ಬರುವುದೂ ಇಲ್ಲ. ಮನೆಯ ಯಜಮಾನನು ಹಾಸಿಗೆ ಹಿಡಿಯುವನು. ಬೆಳೆ ಕೈಗೆ ಬರುವ ಹೊತ್ತಿಗೆ ಅಕಾಲದ ಮಳೆ ಸುರಿಯುವುದು. ಎಳೆಯ ಮಕ್ಕಳ ತಾಯಿ ಕಣ್ಮುಚ್ಚುವಳು. ಇಂತಹ ಸಮಯದಲ್ಲಿ ಮೊದಲು ನಮ್ಮ ಬಾಗಿಲಿಗೆ ಬರುವವರು ಯಾರು? ಬಂಧುಗಳು ಪರವೂರಿನಲ್ಲಿರುವರು, ಸರಕಾರದ ನೆರವು ಅರ್ಜಿ ಕಾಗದಗಳನ್ನು ದಾಟಿ ಬರಬೇಕು. ಗೋಡೆಯಾಚೆಯಿಂದ ಕೂಗು ಕೇಳಿ ಓಡಿಬರುವವರು ನೆರೆಮನೆಯವರೇ. ಆದುದರಿಂದ ಈ ತಿಂಗಳು ನೆರೆಹೊರೆಯ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡಬೇಕೆಂದಿದ್ದೇವೆ.

ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿಯುಂಟಷ್ಟೆ. ಮದುವೆಯಲ್ಲಿ ಒಬ್ಬರು ಓದಿಸಿದ ಮುಯ್ಯಿಯನ್ನು ಮನೆಯವರು ಬರೆದಿಟ್ಟುಕೊಂಡು, ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುವರು. ನಾಟಿ ಕೊಯ್ಲುಗಳಲ್ಲಿ ಒಬ್ಬರ ಗದ್ದೆಗೆ ಮತ್ತೊಬ್ಬರು ಕೂಲಿಯಿಲ್ಲದೆ ಹೋಗಿ ದುಡಿದರೆ ಅವರಿಗೆ ಮುಯ್ಯಾಳುಗಳೆಂದು ಹೆಸರು. ಇದು ಬರಿಯ ಲೆಕ್ಕಾಚಾರವೆಂದು ಕೆಲವರು ಹೇಳಬಹುದು. ಆದರೆ ಒಂದು ಮನೆಯಿಂದ ಒಮ್ಮೆಗೇ ಹೊರಲಾಗದ ಭಾರವು ಹತ್ತು ಮನೆಗಳಿಗೆ ಹಂಚಿಹೋಗುವುದನ್ನು ಗಮನಿಸಬೇಕು. ಅಲ್ಲದೆ, ಕೊಡತಕ್ಕುದು ಕೊಳ್ಳತಕ್ಕುದು ಇರುವವರೆಗೆ ಇಬ್ಬರು ಪರಕೀಯರಾಗುವಂತಿಲ್ಲ. ಆ ಋಣವೇ ಮನೆಗಳನ್ನು ಹೊಲಿದಿಡುವ ದಾರ.

ಇದೇ ಬಗೆಯ ನಂಬುಗೆಯನ್ನು ಕಾನೂನಿನ ಚೌಕಟ್ಟಿನಲ್ಲಿಟ್ಟರೆ ಏನಾಗುವುದೆಂಬುದಕ್ಕೆ ಗದಗಿನ ಬಳಿಯ ಕಣಗಿನಹಾಳವು ಸಾಕ್ಷಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಿನಲ್ಲಿ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ದೇಶದಲ್ಲಿ ಅಂತಹವುಗಳಲ್ಲಿ ಅದೇ ಮೊದಲನೆಯದೆಂದು ಹೆಸರಾಗಿದೆ. ಆ ಕಾನೂನಿನಂತೆ ಹಳ್ಳಿಯ ಸಂಘದ ಸಾಲಕ್ಕೆ ಸಾಮಾನ್ಯವಾಗಿ ಸದಸ್ಯರೆಲ್ಲರೂ ಮಿತಿಯಿಲ್ಲದೆ ಹೊಣೆಗಾರರು. ಒಬ್ಬನು ತಪ್ಪಿದರೆ ಉಳಿದವರ ಆಸ್ತಿಗೂ ಅಪಾಯ. ನೆರೆಯವನ ನಡತೆಯನ್ನು ಬಲ್ಲವರಲ್ಲದೆ ಬೇರೆ ಯಾರು ಇಂತಹ ಹೊಣೆಯನ್ನು ಹೊತ್ತಾರು? ಸಾಹುಕಾರನು ಒಡವೆಯನ್ನು ಒತ್ತೆಯಿಡಿಸಿಕೊಳ್ಳುವನು. ಇಲ್ಲಿ ಒಬ್ಬರನ್ನೊಬ್ಬರು ಬಲ್ಲುದೇ ಒತ್ತೆ.

ಹಣದ ಮಾತು ಹೀಗಾಯಿತು. ದುಃಖದ ಮಾತು ಬೇರೆ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂಬ ರೂಢಿ ಅನೇಕ ಕಡೆಗಳಲ್ಲಿ ಉಂಟು. ಆಗ ನೆರೆಮನೆಯವರೇ ಅಡಿಗೆ ಮಾಡಿ ತಂದು, ಒಲ್ಲೆನೆಂದವರಿಗೂ ಎರಡು ತುತ್ತು ಉಣಿಸುವರು. ಶುಭಕಾರ್ಯಕ್ಕೆ ಕರೆದರೆ ಹೋಗಬೇಕು, ಸಾವಿಗೆ ಕರೆಯದೆಯೂ ಹೋಗಬೇಕು ಎಂದು ಹಿರಿಯರು ಹೇಳುವುದು ಇದಕ್ಕಾಗಿಯೇ. ಅಲ್ಲಿ ಆಡುವ ಮಾತು ಮುಖ್ಯವಲ್ಲ. ಬಂದು ಪಕ್ಕದಲ್ಲಿ ಕುಳಿತುದೇ ಮುಖ್ಯ. 2020 ಮತ್ತು 2021ರಲ್ಲಿ ಕೊರೋನಾ ವ್ಯಾಧಿಯು ಈ ಸಮಾಧಾನವನ್ನೂ ಕಸಿದುಕೊಂಡಿತು. ಹೀಗಿದ್ದೂ ಹೊಸ್ತಿಲ ಹೊರಗೆ ಊಟದ ಡಬ್ಬಿಯನ್ನಿಟ್ಟು, ದೂರದಿಂದಲೇ ಕೂಗಿ ಧೈರ್ಯ ಹೇಳಿಹೋದ ನೆರೆಯವರನ್ನು ಎಷ್ಟೋ ಮನೆಗಳು ಮರೆತಿಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಅತಿವೃಷ್ಟಿಯಿಂದ ಗುಡ್ಡಗಳು ಕುಸಿದಾಗ ಮನೆ ತೋಟಗಳೊಡನೆ ದಾರಿಗಳೂ ಕೊಚ್ಚಿಹೋದುವು. ಇಂತಹ ವಿಪತ್ತಿನಲ್ಲಿ ಹೊರಗಿನ ನೆರವು ತಲಪಲು ಹೊತ್ತು ಬೇಕು. ಯಾವ ಮನೆಯಲ್ಲಿ ನಡೆಯಲಾರದ ಮುದುಕಿಯಿರುವಳು, ಯಾವ ಕಾಲುದಾರಿ ಇನ್ನೂ ಉಳಿದಿರಬಹುದು ಎಂಬುದು ಆ ಊರವರಿಗಲ್ಲದೆ ಮತ್ತಾರಿಗೆ ತಿಳಿದೀತು? ಕನ್ನಡದಲ್ಲಿ ಪ್ರವಾಹಕ್ಕೂ ನೆರೆಯೆನ್ನುವರು, ಪಕ್ಕದ ಮನೆಗೂ ನೆರೆಯೆನ್ನುವರು. ಮೊದಲಿನ ನೆರೆ ಬಂದಾಗ ಎರಡನೆಯ ನೆರೆಯೇ ದಿಕ್ಕು.

ಆದರೆ ಹಿಂದಿನದೆಲ್ಲವೂ ಹೊನ್ನೆಂದು ನಾವು ಹೇಳಲಾರೆವು. ಹಿಂದಿನ ನೆರೆತನವು ಅನೇಕ ಊರುಗಳಲ್ಲಿ ಜಾತಿಯ ಕೇರಿಯ ಎಲ್ಲೆಗೆ ಬಂದು ನಿಂತುಬಿಡುತ್ತಿತ್ತು. ಊರ ಬಾವಿಯ ನೀರು ಊರಿನವರೆಲ್ಲರದೂ ಆಗಿರಲಿಲ್ಲ. ಕುಲವನ್ನು ಕೇಳಿ ಚಾಚುವ ಕೈ ನೆರವಿನ ಕೈಯಲ್ಲವೆಂಬುದನ್ನು ಈಗಲಾದರೂ ನಾವು ತಿಳಿಯತಕ್ಕುದು.

ಇನ್ನೊಂದು ಮಾತು. ಗೃಹಸ್ಥರಲ್ಲಿ ಅನೇಕರು ಕೊಡುವುದಕ್ಕೆ ಹಿಂದೆಗೆಯರು; ಕೇಳುವುದಕ್ಕೆ ಮಾತ್ರ ನಾಚುವರು. ‘ನಮ್ಮ ಕಷ್ಟ ನಮಗಿರಲಿ’ ಎಂದು ಕದವಿಕ್ಕಿಕೊಳ್ಳುವುದನ್ನೇ ಮರ್ಯಾದೆಯೆಂದು ಬಗೆಯುವರು. ನಮ್ಮ ಎಣಿಕೆಯಲ್ಲಿ ಇದು ಸರಿಯಲ್ಲ. ನಾವು ಅವರಿಂದ ಏನನ್ನೂ ಕೊಳ್ಳದಿದ್ದರೆ, ತಮ್ಮ ಕಷ್ಟದಲ್ಲಿ ಅವರು ನಮ್ಮನ್ನು ಕೇಳುವುದಾದರೂ ಹೇಗೆ? ಹೆಪ್ಪಿಗೆಂದು ನೆರೆಮನೆಯಿಂದ ಒಂದಿಷ್ಟು ಮಜ್ಜಿಗೆಯನ್ನು ತರುವ ಗೃಹಿಣಿಗೆ, ಮುಂದೊಂದು ನಡುರಾತ್ರಿ ಅದೇ ಬಾಗಿಲನ್ನು ತಟ್ಟುವ ಧೈರ್ಯವೂ ಇರುವುದು. ಹಾಗೆಯೇ, ಕೇಳಿದವರ ಕಷ್ಟವನ್ನು ಬೀದಿಯ ಮಾತಾಗಿಸಬಾರದು. ಗುಟ್ಟು ನಿಲ್ಲದ ಕಡೆ ಬಾಯಿಬಿಟ್ಟು ಕೇಳುವವರಿಲ್ಲ.

ಬಾವಿಯನ್ನು ತೋಡುವುದು ಬಾಯಾರಿದ ಮೇಲಲ್ಲ. ನೆರೆತನವೂ ಒಳ್ಳೆಯ ದಿನಗಳಲ್ಲಿಯೇ ಆಗಬೇಕಾದ ಕೆಲಸ. ನಿಮ್ಮ ಬೀದಿಗೆ ಹೊಸದಾಗಿ ಬಂದ ಸಂಸಾರವಿದ್ದರೆ, ಒಂಟಿಯಾಗಿರುವ ವೃದ್ಧರಿದ್ದರೆ, ಈ ವಾರವೇ ಒಮ್ಮೆ ಹೋಗಿ ಕುಶಲವನ್ನು ವಿಚಾರಿಸಿ ಬನ್ನಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಯಾರ ಮನೆಯ ಬಾಗಿಲನ್ನು ತಟ್ಟಬಹುದೆಂಬುದು ಅವರಿಗೂ ತಿಳಿದಿರಲಿ.