ಗುಂಡಿನ ಲೆಕ್ಕ ಯಾರು ಕೊಡಬೇಕು?



ಸೊಸೈಟಿ ಸಾಲದ ಕಂತು ಒಂದು ತಪ್ಪಿದರೆ ನಿಮ್ಮ ಮನೆ ಬಾಗಿಲಿಗೆ ನೋಟೀಸು ಬರುತ್ತದೆ. ಅಸಲೆಷ್ಟು, ಸುಸ್ತಿಬಡ್ಡಿ ಎಷ್ಟು ಅಂತ ಪೈಸೆಪೈಸೆಗೂ ಲೆಕ್ಕ ಹಾಕ್ತಾರೆ. ಅದೇ ಸರ್ಕಾರವನ್ನು, ರೈತನ ಮೇಲೆ ಹಾರಿಸಿದ ಗುಂಡಿಗೆ ಲೆಕ್ಕ ಕೊಡಿ ಅಂತ ಕೇಳಿ ನೋಡಿ. ಬಾಯಿ ಬಿಡೋದಿಲ್ಲ.

ಹೊನ್ನಾಳಿ ಸೀಮೆಯ ನಮಗೆ ಇದು ದೂರದ ಮಾತಲ್ಲ. ನಮ್ಮದೇ ದಾವಣಗೆರೆ ಜಿಲ್ಲೆಯ ಆನಗೋಡಿನಲ್ಲಿ 1992ರ ಸೆಪ್ಟೆಂಬರ್ 13ರಂದು ಚಳವಳಿಗೆ ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಓಬೇನಹಳ್ಳಿಯ ಕಲ್ಲಿಂಗಪ್ಪ, ಸಿದ್ದನೂರಿನ ನಾಗರಾಜಾಚಾರ್ ಪ್ರಾಣ ಬಿಟ್ಟರು. ನೆರೆಯ ಹಾವೇರಿಯಲ್ಲಿ 2008ರ ಜೂನ್ 10ರಂದು ಮತ್ತೆ ಅದೇ ಆಯಿತು. ಮುಂಗಾರು ಬಿತ್ತನೆಗೆ ಗೊಬ್ಬರ ಕೊಡಿ ಎಂದವರ ಮೇಲೆ ಗೋಲಿಬಾರ್; ಸಿದ್ದಲಿಂಗಪ್ಪ ಚೂರಿ, ಪುಟ್ಟಪ್ಪ ಹೊನ್ನತ್ತಿ ಬಲಿಯಾದರು. 1980ರ ಜುಲೈ 21ರ ನರಗುಂದ, ನವಲಗುಂದದಿಂದ ಹಿಡಿದು ಸರ್ಕಾರಗಳು ಬದಲಾದವು, ಬಂದೂಕಿನ ಮೂತಿ ಮಾತ್ರ ನಮ್ಮ ಕಡೆಗೇ ಇತ್ತು.

ಪ್ರತಿ ಸಲವೂ ಆಗೋದೇನು? ಪರಿಹಾರ ಘೋಷಣೆ, ವರ್ಗಾವಣೆ, ವಿಚಾರಣಾ ಆಯೋಗ. ಪರಿಹಾರ ಯಾರ ದುಡ್ಡು? ನಾವು ಕಟ್ಟಿದ ತೆರಿಗೆ. ಗುಂಡು ಹಾರಿಸಲು ಹೇಳಿದವನ ಸಂಬಳದಿಂದ ಒಂದು ಕಾಸೂ ಹೋಗೋದಿಲ್ಲ. ಆಯೋಗದ ವರದಿ ಬರೀ ಸಲಹೆ. ಅದರಿಂದ ಯಾರಿಗೂ ಶಿಕ್ಷೆಯಾಗುವುದಿಲ್ಲ. ಕೋರ್ಟಿಗೆ ಹೋಗೋಣ ಅಂದರೆ ಬಾಗಿಲಲ್ಲೇ ಬೀಗ. ಗುಂಪು ಚದುರಿಸಲು ಮಾಡಿದ ಕೆಲಸಕ್ಕೆ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಮಂಜೂರಾತಿ ಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 132ನೇ ಕಲಮಿನಲ್ಲಿದ್ದ ಈ ರಕ್ಷಣೆ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ 151ನೇ ಕಲಮಾಗಿ ಹಾಗೇ ಕೂತಿದೆ. ಗುಂಡು ಹಾರಿಸಿದ್ದು ಸರ್ಕಾರದ ಪೊಲೀಸು, ಕೇಸಿಗೆ ಅಪ್ಪಣೆ ಕೊಡಬೇಕಾದದ್ದೂ ಅದೇ ಸರ್ಕಾರ. ಇದು ಯಾವ ಸೀಮೆಯ ನ್ಯಾಯ, ನೀವೇ ಹೇಳಿ.

ಪೇದೆ ನಮ್ಮ ಶತ್ರುವಲ್ಲ. ಅವನೂ ಯಾವುದೋ ರೈತನ ಮಗನೇ. ನಾವು ಕೇಳಬೇಕಾದ್ದು ಆಜ್ಞೆ ಕೊಟ್ಟವರ ಹೆಸರು. ಆಜ್ಞೆ ಕೊಟ್ಟವರು ಯಾರು? ಗುಂಡಿಗೆ ಮೊದಲು ಎಚ್ಚರಿಕೆ ಕೊಟ್ಟರೇ? ಬೇರೆ ದಾರಿ ಇರಲಿಲ್ಲವೇ?

ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು, ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂದು ಆದೇಶಿಸಿತು. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲೆಗೆ, ಎಸ್‌ಪಿ ಮತ್ತು ಮೇಲಿನವರದು ರಾಜ್ಯಕ್ಕೆ. ನಮ್ಮ ರಾಜ್ಯವೂ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇದಕ್ಕೆ ಜಾಗ ಮಾಡಿತು. ನಿಮ್ಮ ಊರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಆದ್ದರಿಂದ ಮೂರು ಮಾತು ನೆನಪಿಡಿ. ಚಳವಳಿಯಲ್ಲಿ ಕಲ್ಲು ಎತ್ತಬೇಡಿ. ಒಂದು ಕಲ್ಲು ನೂರು ಗುಂಡಿಗೆ ನೆಪವಾಗುತ್ತದೆ. ಲಾಠಿ ಏಟು ಬಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯ ಬರೆಸಿ. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಒಂದೇ. ಮಂಜೂರಾತಿ ಕೇಳಿದರೆ ಇಂತಿಷ್ಟು ದಿನದೊಳಗೆ ಕೊಡಲಿ, ಇಲ್ಲವೇ ಯಾಕೆ ಕೊಡುವುದಿಲ್ಲವೆಂದು ಬರೆದು ತಿಳಿಸಲಿ. ಹುತಾತ್ಮರ ಕಲ್ಲಿಗೆ ವರ್ಷಕ್ಕೊಮ್ಮೆ ಹಾರ ಹಾಕಿ ಮನೆಗೆ ಹೋದರೆ ಸಾಲದು. ನಮ್ಮಿಂದ ಬಡ್ಡಿ ಸಮೇತ ಲೆಕ್ಕ ಕೇಳುವವರು ಗುಂಡಿನ ಲೆಕ್ಕವನ್ನೂ ಕೊಡಬೇಕು.