ಹಾವು ಸಾಕುವ ಮನೆಯ ಇಲಿಗಳು

ಹಾವನ್ನು ಸಾಕಬೇಕೆನ್ನುವವನು ಮೊದಲು ಇಲಿಯನ್ನು ಸಾಕಲು ಕಲಿಯಬೇಕು. ವಿನೋದಕ್ಕಾಗಿ ಆಡಿದ ಮಾತಲ್ಲ ಇದು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ನಾಯಿ ಬೆಕ್ಕುಗಳಂತೆ ಹಾವನ್ನೂ ಮನೆಯಲ್ಲಿಟ್ಟುಕೊಂಡಿರುವ ಸಂಸಾರಗಳು ಅನೇಕವಿವೆ. ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿರುವ ಹಾವನ್ನು ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ; ಹಿಂದಿನ ಕೊಠಡಿಯಲ್ಲಿ ಕಿಚಿಕಿಚಿಗುಟ್ಟುವ ಇಲಿಗಳನ್ನು ತೋರಿಸುವವರು ವಿರಳ. ಆದರೆ ದುಡಿಮೆ, ದುರ್ನಾತ, ಧರ್ಮಸಂಕಟ, ಎಲ್ಲವೂ ಇರುವುದು ಆ ಹಿಂದಿನ ಕೊಠಡಿಯಲ್ಲಿಯೇ.

ನಮ್ಮ ನಾಡಿನಲ್ಲಿ ನಾಗನಿಗೆ ಹಾಲೆರೆಯುವ ಪದ್ಧತಿಯುಂಟು. ಭಕ್ತಿಯ ಮಾತು ಬೇರೆ. ಆಹಾರದ ದೃಷ್ಟಿಯಿಂದ ನೋಡಿದರೆ ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ, ಹಾವುಗಳೆಲ್ಲವೂ ಮಾಂಸಾಹಾರಿಗಳೇ. ನಮ್ಮ ನಾಗರ, ಕೇರೆಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಹೆಬ್ಬಾವಿನಂತಹ ವಿದೇಶೀ ಜೀವಿಗಳನ್ನು ಸಾಕಿಕೊಂಡಿರುವವರು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಆದುದರಿಂದ ನಾನು ಹೇಳಹೊರಟಿರುವುದು ಇಂಗ್ಲೆಂಡ್ ಅಮೆರಿಕಗಳ ಸಮಾಚಾರ. ಆ ಕಡೆ ನೆಲೆಸಿರುವ ಮೊಮ್ಮಕ್ಕಳು ಹಾವು ಬೇಕೆಂದು ಹಟ ಹಿಡಿದಿದ್ದರೆ ಅಜ್ಜಿ ತಾತಂದಿರು ಇದನ್ನು ಓದಿಟ್ಟುಕೊಳ್ಳಬಹುದು.

ಅಲ್ಲಿ ಹೊಸಬರು ಸಾಮಾನ್ಯವಾಗಿ ತರುವುದು ಕಾರ್ನ್ ಸ್ನೇಕ್ ಎಂಬ ಹಾವನ್ನು. ಅಮೆರಿಕದ ಆಗ್ನೇಯ ಭಾಗದ ಈ ಹಾವಿಗೆ ವಿಷವಿಲ್ಲ. ಕಿತ್ತಳೆಗೆಂಪು ಮೈ, ಸಾಧು ಸ್ವಭಾವ. ಮುಸುಕಿನ ಜೋಳದ ಕಣಜಗಳಿಗೆ ಇಲಿಯನ್ನರಸಿ ಬರುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಕೆಲವರೂ, ಹೊಟ್ಟೆಯ ಮೇಲಿನ ಚೌಕುಳಿ ಬಣ್ಣದ ಜೋಳದ ತೆನೆಯನ್ನು ಹೋಲುವುದರಿಂದ ಬಂದಿತೆಂದು ಕೆಲವರೂ ಹೇಳುತ್ತಾರೆ. ಹೆಸರಿನ ಮೂಲವೇನೇ ಇರಲಿ, ಇಲಿಯ ನಂಟಂತೂ ಕಣಜದಲ್ಲಿಯೇ ಬೆಳೆದದ್ದು.

ಮೊಟ್ಟೆಯೊಡೆದು ಬಂದ ಮರಿಹಾವು ಪೆನ್ಸಿಲಿನಷ್ಟು ದಪ್ಪ. ಅದಕ್ಕೆ ಐದಾರು ದಿನಕ್ಕೊಂದರಂತೆ ಆಗತಾನೆ ಹುಟ್ಟಿದ ಇಲಿಮರಿ ಬೇಕು. ಕೂದಲಿಲ್ಲದ, ಕಣ್ಣು ತೆರೆಯದ, ಒಂದೆರಡು ಗ್ರಾಂ ತೂಕದ ಆ ಗುಲಾಬಿ ಬಣ್ಣದ ಮರಿಗೆ ಅಲ್ಲಿ ‘ಪಿಂಕಿ’ ಎಂದು ಹೆಸರು. ಹಾವು ಬೆಳೆದಂತೆಲ್ಲ ಇಲಿಯೂ ದೊಡ್ಡದಾಗಬೇಕು. ಹಾವಿನ ಮೈಯ ಅತಿ ದಪ್ಪನೆಯ ಭಾಗಕ್ಕಿಂತ ಇಲಿ ಹೆಚ್ಚು ದಪ್ಪವಿರಬಾರದೆಂಬುದು ಲೆಕ್ಕ. ಪ್ರಾಯಕ್ಕೆ ಬಂದ ಮೇಲೆ ಏಳರಿಂದ ಹತ್ತು ದಿನಕ್ಕೆ ಒಂದು ಪೂರ್ಣ ಇಲಿ ಸಾಕು. ವರ್ಷಕ್ಕೆ 40 ಎಂದಿಟ್ಟುಕೊಳ್ಳಿ. ಸಾಕಿದ ಹಾವು 15 ವರ್ಷ ಬದುಕುವುದು ವಿಶೇಷವೇನೂ ಅಲ್ಲ. ಅಲ್ಲಿಗೆ 600 ಇಲಿಗಳಾದವು. ಹುಟ್ಟುಹಬ್ಬಕ್ಕೆಂದು ಮಗನಿಗೆ ಹಾವನ್ನು ಕೊಡಿಸುವ ತಂದೆ ಈ ಗುಣಾಕಾರವನ್ನು ಅಂಗಡಿಯಲ್ಲಿಯೇ ಮಾಡಿಬಿಡುವುದು ಲೇಸು.

ಇಲಿಯ ಬದಲು ಕೋಳಿಮಾಂಸದ ತುಂಡನ್ನು ಹಾಕಿದರಾಗದೆ ಎಂದು ಕೇಳುವವರುಂಟು. ಆಗದು. ಹಾವಿಗೆ ಸುಣ್ಣದ ಅಂಶ ದೊರೆಯುವುದು ಇಲಿಯ ಎಲುಬಿನಿಂದ, ಜೀವಸತ್ವ ದೊರೆಯುವುದು ಅದರ ಪಿತ್ತಕೋಶವಿರುವ ಯಕೃತ್ತಿನಿಂದ. ಬರಿಯ ಮಾಂಸ ತಿಂದ ಹಾವು ಹೊಟ್ಟೆ ತುಂಬಿದ್ದರೂ ಕೃಶವಾಗುತ್ತದೆ. ಇಡಿಯ ಇಲಿಯೇ ಅದಕ್ಕೆ ಸಮತೋಲನದ ಊಟ.

ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಇಲಿಗಳು ದೊರೆಯುತ್ತವೆ. ಆದರೂ ಹಲವರು ಮನೆಯಲ್ಲಿಯೇ ಇಲಿ ಬೆಳೆಸಲು ತೊಡಗುವುದು ಉಳಿತಾಯದ ಆಸೆಯಿಂದ, ತಾವು ಏನನ್ನು ತಿನ್ನಿಸಿದೆವೆಂಬುದು ತಮಗೇ ತಿಳಿದಿರಲೆಂಬ ಎಚ್ಚರದಿಂದ. ಒಂದು ಗಂಡು, ಎರಡೋ ಮೂರೋ ಹೆಣ್ಣು, ಒಂದು ಪೆಟ್ಟಿಗೆ, ಮರದ ಹೊಟ್ಟು, ಕಾಳು, ನೀರಿನ ಸೀಸೆ: ಬಂಡವಾಳ ಇಷ್ಟೇ. ಗರ್ಭ ಕೇವಲ 19ರಿಂದ 21 ದಿನ. ಒಂದು ಸೂಲಿಗೆ ಆರೆಂಟು ಮರಿಗಳು, ಒಮ್ಮೊಮ್ಮೆ ಹನ್ನೆರಡು. ಹೆತ್ತ ಮರುದಿನವೇ ತಾಯಿ ಮತ್ತೆ ಗರ್ಭ ಧರಿಸಬಲ್ಲಳು. ಮರಿಗಳು ಎರಡು ವಾರಕ್ಕೆ ಕಣ್ಣು ಬಿಟ್ಟು, ಮೂರು ವಾರಕ್ಕೆ ಹಾಲು ಬಿಟ್ಟು, ಆರು ವಾರಕ್ಕೆ ತಾವೇ ಸಂಸಾರಕ್ಕೆ ಸಿದ್ಧವಾಗುತ್ತವೆ. ಒಂದೇ ಪೆಟ್ಟಿಗೆಯ ಬಾಣಂತಿಯರು ಒಬ್ಬರ ಮಕ್ಕಳಿಗೆ ಮತ್ತೊಬ್ಬರು ಹಾಲೂಡಿಸುವುದೂ ಉಂಟು. ಎಷ್ಟೋ ಕೂಡುಕುಟುಂಬಗಳಲ್ಲಿ ಕಾಣದ ಸೌಹಾರ್ದ! ಆದರೆ ನೀರು ತಪ್ಪಿದರೆ, ಗಲಾಟೆ ಹೆಚ್ಚಿದರೆ, ಅದೇ ತಾಯಿ ತನ್ನ ಮರಿಗಳನ್ನೇ ತಿಂದುಬಿಡುವಳು. ಗಂಡಿಲಿಯ ಮೂತ್ರದ ವಾಸನೆಯಂತೂ ವಾರಕ್ಕೊಮ್ಮೆ ಪೆಟ್ಟಿಗೆ ತೊಳೆದರೂ ಗೋಡೆಯನ್ನು ದಾಟಿ ಬರುತ್ತದೆ. ಅಡುಗೆಮನೆಯ ಒಡತಿಗೂ ಹಾವಿನ ಒಡೆಯನಿಗೂ ಮನಸ್ತಾಪ ಹುಟ್ಟುವುದು ಹಾವಿನಿಂದಲ್ಲ, ಈ ವಾಸನೆಯಿಂದ.

ಉಳಿತಾಯದ ಲೆಕ್ಕವೂ ತಲೆಕೆಳಗಾಗುತ್ತದೆ. ಎರಡು ಹೆಣ್ಣಿಲಿಗಳು ತಿಂಗಳಿಗೆ ಹತ್ತು ಹದಿನೈದು ಮರಿ ಕೊಟ್ಟರೆ ಹಾವು ತಿನ್ನುವುದು ನಾಲ್ಕು. ಉಳಿದವನ್ನು ಏನು ಮಾಡುವುದು? ಗಂಡು ಹೆಣ್ಣುಗಳನ್ನು ಬೇರ್ಪಡಿಸದೆ ಒಂದು ತಿಂಗಳು ಸೋಮಾರಿತನ ಮಾಡಿದರೆ ಪೆಟ್ಟಿಗೆಗಳು ಇಮ್ಮಡಿಯಾಗುತ್ತವೆ. ಹೆಚ್ಚಾದ ಇಲಿಗಳನ್ನು ಮುಗಿಸಲೆಂದು ಇನ್ನೊಂದು ಹಾವನ್ನು ತರುವ ಮಹನೀಯರೂ ಇದ್ದಾರೆ. ಸಾಲ ತೀರಿಸಲು ಸಾಲ ಮಾಡುವ ನಮ್ಮ ಕೆಲವು ಗೃಹಸ್ಥರು ಅವರನ್ನು ಕಂಡರೆ ಆತ್ಮೀಯತೆಯಿಂದ ಕೈಕುಲುಕಬಹುದು.

ಇಲ್ಲಿ ಇತಿಹಾಸದ ಒಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲಾರೆ. ಹಾವು ಸಾಕುವ ಹವ್ಯಾಸ ಹೀಗೆ ಹರಡುವುದಕ್ಕೆ ಎಷ್ಟೋ ಮುಂಚೆ ಇಲಿಯೇ ಮುದ್ದಿನ ಪ್ರಾಣಿಯಾಗಿತ್ತು. ಇಂಗ್ಲೆಂಡಿನಲ್ಲಿ ಬಣ್ಣಬಣ್ಣದ ಇಲಿಗಳನ್ನು ಬೆಳೆಸಿ ಸ್ಪರ್ಧೆಗೆ ಒಯ್ಯುವವರು 1895ರಲ್ಲಿಯೇ ನ್ಯಾಷನಲ್ ಮೌಸ್ ಕ್ಲಬ್ ಎಂಬ ಸಂಘವನ್ನು ಕಟ್ಟಿಕೊಂಡರು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಗ್ರ್ಯಾನ್‌ಬಿ ಎಂಬ ಊರಿನಲ್ಲಿ ಅಬಿ ಲ್ಯಾಥ್ರೋಪ್ ಎಂಬ ಮಾಜಿ ಉಪಾಧ್ಯಾಯಿನಿ ಸುಮಾರು 1900ರಲ್ಲಿ ಮುದ್ದಿನ ಇಲಿಗಳನ್ನು ಮಾರಲು ಆರಂಭಿಸಿದಳು. ಬೇಗನೆ ಕೊಳ್ಳಲು ಬಂದವರು ಮಕ್ಕಳಲ್ಲ, ವಿಜ್ಞಾನಿಗಳು! ಇಂದಿನ ಪ್ರಯೋಗಶಾಲೆಗಳ ಎಷ್ಟೋ ಇಲಿಗಳ ವಂಶವೃಕ್ಷ ಆಕೆಯ ಕೊಟ್ಟಿಗೆಗೆ ಹೋಗಿ ಮುಟ್ಟುತ್ತದೆ. ಮಡಿಲಲ್ಲಿ ಆಡಿಸಲೆಂದು ಸಾಧುವಾಗಿ ಬೆಳೆಸಿದ ಜೀವವೇ ಈಗ ಹಾವಿನ ಊಟವಾಗಿದೆ. ಕೈಗೆ ಕಚ್ಚದೆ ಬರುವುದರಿಂದಲೇ ಅದನ್ನು ಮನೆಯಲ್ಲಿ ಬೆಳೆಸಲು ಸಾಧ್ಯವಾಗಿದೆ.

ಇನ್ನು ಕಷ್ಟದ ಮಾತಿಗೆ ಬರೋಣ. ಬೆಳೆಸಿದ ಇಲಿಯನ್ನು ಕೊಲ್ಲುವವರು ಯಾರು, ಹೇಗೆ? ಹಾವೇ ಕೊಲ್ಲಲಿ, ಅದೇ ಪ್ರಕೃತಿನಿಯಮ ಎಂದು ಜೀವಂತ ಇಲಿಯನ್ನು ಪೆಟ್ಟಿಗೆಗೆ ಬಿಡುವವರುಂಟು. ಆದರೆ ಕಾಡಿನಲ್ಲಿ ಇಲಿಗೆ ಓಡಲು ದಾರಿಯಿದೆ, ಗಾಜಿನ ಪೆಟ್ಟಿಗೆಯಲ್ಲಿಲ್ಲ. ಮೂಲೆಗೆ ಸಿಕ್ಕಿದ ಇಲಿ ತಿರುಗಿ ಬೀಳುತ್ತದೆ. ಹಸಿವಿಲ್ಲದ ಹಾವಿನೊಡನೆ ರಾತ್ರಿಯೆಲ್ಲ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹಾವಿನ ಬೆನ್ನನ್ನೇ ಕಡಿದು ಹುಣ್ಣುಮಾಡಿರುವುದೂ ಉಂಟು. ಆದುದರಿಂದ ಮೊದಲೇ ಕೊಂದ ಇಲಿಯನ್ನು ಉದ್ದನೆಯ ಚಿಮಟದಲ್ಲಿ ಹಿಡಿದು ತಿನ್ನಿಸುವುದೇ ಇಬ್ಬರಿಗೂ ಕ್ಷೇಮವೆಂದು ಪಶುವೈದ್ಯರ ಅಭಿಪ್ರಾಯ. ದೊಡ್ಡ ಇಲಿಗಳಿಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ನಿಧಾನವಾಗಿ ತುಂಬುವ ಕ್ರಮವಿದೆ. ನವಜಾತ ಮರಿಗಳಾದರೋ ಆಮ್ಲಜನಕವಿಲ್ಲದೆ ಬಹಳ ಹೊತ್ತು ತಾಳಬಲ್ಲವು. ಸತ್ತಿತೆಂದು ತೆಗೆದಿಟ್ಟ ಮರಿ ಮತ್ತೆ ಮಿಸುಕಾಡಬಹುದು. ಕುತ್ತಿಗೆಯ ಎಲುಬನ್ನು ಕ್ಷಣದಲ್ಲಿ ಬೇರ್ಪಡಿಸುವ ವಿಧಾನ ತಿಳಿದವರ ಕೈಯಲ್ಲಿ ಶೀಘ್ರ, ತಿಳಿಯದವರ ಕೈಯಲ್ಲಿ ಕ್ರೌರ್ಯ. ಬದುಕಿರುವ ಇಲಿಯನ್ನು ಹಾಗೆಯೇ ಶೀತಪೆಟ್ಟಿಗೆಗೆ ಹಾಕುವುದು ಮಾತ್ರ ಅಕ್ಷಮ್ಯ. ಬ್ರಿಟನ್ನಿನ 2006ರ ಪ್ರಾಣಿಕ್ಷೇಮ ಕಾಯಿದೆ ಸಾಕಿದ ಹಾವಿಗೆ ಅನ್ವಯಿಸುವಂತೆ ಸಾಕಿದ ಇಲಿಗೂ ಅನ್ವಯಿಸುತ್ತದೆ. ಅನಾವಶ್ಯಕವಾಗಿ ನರಳಿಸಿದರೆ ಅಪರಾಧ. ಈ ಕೆಲಸವನ್ನು ಸ್ವಹಸ್ತದಿಂದ ಸರಿಯಾಗಿ ಮಾಡಲು ಮನಸ್ಸು ಒಗ್ಗದಿದ್ದವರು ಇಲಿ ಬೆಳೆಸಲು ಹೋಗದೆ ಅಂಗಡಿಯಿಂದ ತರುವುದೇ ಉಚಿತವೆಂದು ನನಗೆ ತೋರುತ್ತದೆ.

ಅಂಗಡಿಯ ಇಲಿಯೂ ನಿರಪಾಯವೆಂದಲ್ಲ. ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುವುದಿಲ್ಲ. ಹಾವಿನ ಆಹಾರಕ್ಕೆಂದು ಮಾರಿದ ಇಲಿಗಳಿಂದ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ 2010ರ ಸುಮಾರಿಗೆ ಅನೇಕರು, ಅವರಲ್ಲಿಯೂ ಮಕ್ಕಳು, ಕಾಯಿಲೆ ಬಿದ್ದರು. ಇಲಿಯನ್ನು ಮನುಷ್ಯರ ಆಹಾರದ ಪಕ್ಕದಲ್ಲಿ ಇಡಬಾರದು. ಅಡುಗೆಯ ಪಾತ್ರೆಯಲ್ಲಿ ಕರಗಿಸಬಾರದು. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ತೊಡಕು. ಗಣಪತಿಯ ಸೊಂಟದಲ್ಲಿ ಹಾವು, ಪಾದದ ಬಳಿ ಇಲಿ. ಅವೆರಡನ್ನೂ ಸುಮ್ಮನಿರಿಸುವ ಸಾಮರ್ಥ್ಯ ಆ ದೇವರಿಗಿದೆ, ಸಾಮಾನ್ಯ ತಂದೆತಾಯಿಗಳಿಗಿಲ್ಲ. ಮರಿಗಳು ಕಣ್ಣು ಬಿಟ್ಟೊಡನೆ ಮಕ್ಕಳು ಅವಕ್ಕೆ ಹೆಸರಿಡಲು ತೊಡಗುತ್ತಾರೆ. ಹೆಸರಿಟ್ಟ ಇಲಿಯನ್ನು ಹಾವಿಗೆ ಹಾಕುವುದು ಸುಲಭವಲ್ಲ. ಮರಿಗಳಿಗೆ ಹೆಸರು ಕೂಡದು, ಹಿರಿಯ ಇಲಿಗಳಿಗೆ ಮಾತ್ರ ಇಡಬಹುದು ಎಂದು ಕಟ್ಟು ಮಾಡಿದರೆ ಕೆಲವು ದಿನ ಶಾಂತಿ ನೆಲೆಸೀತು. ಆದರೆ ಏಳೆಂಟು ತಿಂಗಳು ಮರಿ ಹಾಕಿದ ತಾಯಿಯ ಸೂಲುಗಳು ಕ್ರಮೇಣ ಸಣ್ಣವಾಗುತ್ತವೆ. ಇಲಿಯ ಆಯುಸ್ಸು ಸುಮಾರು ಎರಡು ವರ್ಷ. ಹೆಸರುಳ್ಳ ಆ ಮುದುಕಿಯನ್ನೂ ಹಾವಿಗೆ ಕೊಡುವುದೋ, ಉಳಿದ ದಿನಗಳನ್ನು ಕಾಳು ತಿಂದುಕೊಂಡು ಕಳೆಯಲು ಬಿಡುವುದೋ? ಕಾಯಿದೆ ಈ ವಿಷಯದಲ್ಲಿ ಮೌನವಾಗಿದೆ. ಪ್ರತಿ ಮನೆಯಲ್ಲಿಯೂ ರಾತ್ರಿಯ ಊಟದ ಹೊತ್ತಿಗೆ ಈ ಮೊಕದ್ದಮೆಯ ವಿಚಾರಣೆ ನಡೆಯುತ್ತದೆ; ವಕೀಲರು ಮಾತ್ರ ಹತ್ತು ವರ್ಷದೊಳಗಿನವರು.