ಗಣಿತಕ್ಕೆ ಭಾಷೆ ಬೇಡವಂತೆ!

"ಗಣಿತ ಅಲ್ವಾ, ಅದಕ್ಕೆಂತ ಭಾಷೆ? ಅಂಕಿ, ಚಿಹ್ನೆ ಎಲ್ಲ ಕಡೆ ಒಂದೇ." ಕನ್ನಡ ಅರಿಯದ ಅಧ್ಯಾಪಕರನ್ನು ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಗೆ ಕಳಿಸಿದಾಗಲೆಲ್ಲ ಕೆಲವರು ಹೀಗೆ ಸಮಾಧಾನ ಹೇಳ್ತಾರೆ. ಕೇಳಲಿಕ್ಕೆ ಸರಿ ಅಂತಲೇ ಕಾಣ್ತದೆ. ಒಂದು ಪಾಠ ಹಿಡಿದು ನೋಡುವ: ಬಹುಪದೋಕ್ತಿಗಳ ಭಾಗಾಕಾರ.

ಎಕ್ಸ್³ − 6ಎಕ್ಸ್² + 11ಎಕ್ಸ್ − 6. ಇದಕ್ಕೆ (ಎಕ್ಸ್ − 1) ಅಪವರ್ತನವೋ? ಎಕ್ಸ್ ಇದ್ದಲ್ಲೆಲ್ಲ 1 ಹಾಕಿ: 1 − 6 + 11 − 6, ಸೊನ್ನೆ. ಹಾಗಾದರೆ ಹೌದು. (ಎಕ್ಸ್ − 4)? 64 − 96 + 44 − 6, ಅಂದರೆ 6. ಅಲ್ಲ. ಇಷ್ಟನ್ನು ಬೋರ್ಡಿನಲ್ಲಿ ಬರೆಯಲಿಕ್ಕೆ ಭಾಷೆ ಬೇಡ, ಒಪ್ಪುವ.

ಆದರೆ ಹಿಂದಿನ ಬೆಂಚಿನ ಹುಡುಗಿ "ಎಂತಕ್ಕೆ ಹಾಗೆ?" ಅಂತ ಕೇಳಿದರೆ? ಅಲ್ಲಿಂದ ಮಾತು ಬೇಕು. 47ನ್ನು 5ರಿಂದ ಭಾಗಿಸಿದರೆ 9 ಸಲ ಹೋಗಿ 2 ಉಳೀತದೆ. 47 ಅಂದರೆ 5 × 9 + 2. ಬಹುಪದೋಕ್ತಿಯೂ ಹಾಗೆಯೇ: ಭಾಜಕ × ಭಾಗಲಬ್ಧ + ಶೇಷ. ಭಾಜಕ (ಎಕ್ಸ್ − 4) ಆಗಿರುವಾಗ ಎಕ್ಸ್‌ಗೆ 4 ಕೊಟ್ಟರೆ ಭಾಜಕವೇ ಸೊನ್ನೆ. ಭಾಗಲಬ್ಧ ಎಷ್ಟು ಉದ್ದ ಇದ್ದರೂ ಸೊನ್ನೆಯಿಂದ ಗುಣಿಸಿ ಹೋಯ್ತು. ಉಳಿದದ್ದು ಶೇಷ ಮಾತ್ರ, ಆ 6. ಉದ್ದಕ್ಕೆ ಭಾಗಿಸದೆಯೇ ಶೇಷ ಸಿಕ್ಕಿತು! ಅದು ಸೊನ್ನೆಯಾದರೆ ಅಪವರ್ತನ. ಶೇಷ ಪ್ರಮೇಯ, ಅಪವರ್ತನ ಪ್ರಮೇಯ ಅಂತ ದೊಡ್ಡ ಹೆಸರಿಟ್ಟು ಹೆದರಿಸುವುದು ಇದನ್ನೇ.

ಈ ನಾಲ್ಕು ಮಾತು ಸಿಗದ ಮಗು "ಚಿಹ್ನೆ ತಿರುಗಿಸಿ ಹಾಕು" ಅಂತ ಬಾಯಿಪಾಠ ಮಾಡ್ತದೆ. ಪರೀಕ್ಷೆಯಲ್ಲಿ (2ಎಕ್ಸ್ − 1) ಬಂದರೆ 1 ಹಾಕ್ತದೆ. ಹಾಕಬೇಕಾದ್ದು ½, ಭಾಜಕ ಸೊನ್ನೆಯಾಗುವುದು ಅಲ್ಲಿ.

ಇನ್ನು ಪದಗಳ ಕತೆ. ಮಲಯಾಳದಲ್ಲಿ ಅಪವರ್ತನಕ್ಕೆ 'ಘಟಕಂ', ಭಾಗಾಕಾರಕ್ಕೆ 'ಹರಣಂ', ಶೇಷಕ್ಕೆ 'ಶಿಷ್ಟಂ'. ಆ ಭಾಷೆಯ ಮಕ್ಕಳಿಗೆ ಒಳ್ಳೆಯ ಪದಗಳೇ. ನಮ್ಮ ಮಗುವಿಗೆ ಘಟಕ ಅಂದರೆ ಸಂಘದ ಶಾಖೆ, ಹರಣ ಅಂದರೆ ಪ್ರಾಣಹರಣ, ಶಿಷ್ಟ ಅಂದರೆ ಶಿಷ್ಟಾಚಾರ. ಗೊತ್ತೇ ಇಲ್ಲದ ಪದವಾದರೆ ಎದ್ದು ನಿಂತು ಕೇಳೀತು. ಇದು ಗೊತ್ತುಂಟು ಅನಿಸುವ ಪದ, ಹಾಗಾಗಿ ಕೇಳುವುದೂ ಇಲ್ಲ.

ಆ ಟೀಚರನ್ನು ದೂರಿ ಫಲವಿಲ್ಲ, ಪಾಪ, ಅವರೂ ಒದ್ದಾಡ್ತಾರೆ. ಕೇಳಬೇಕಾದ್ದು ಕಳಿಸಿದವರನ್ನು.

ಹೆತ್ತವರೇ, ಇವತ್ತು ರಾತ್ರಿ ನಿಮ್ಮ ಹತ್ತನೆಯ ತರಗತಿಯ ಮಗುವನ್ನು ಕೂರಿಸಿ ಕೇಳಿ: "(ಎಕ್ಸ್ − 4)ಕ್ಕೆ 4 ಎಂತಕ್ಕೆ ಹಾಕಿದ್ದು?" "ಹಾಗೆ ಮಾಡಬೇಕಂತೆ" ಅಂತ ಉತ್ತರ ಬಂದರೆ, ಮುಂದಿನ ಪಿಟಿಎ ಸಭೆಯಲ್ಲಿ ಆ ಉತ್ತರವನ್ನೇ ಓದಿ ಹೇಳಿ, ಮಿನಿಟ್ಸ್‌ನಲ್ಲಿ ಬರೆಸಿ.